ಸಿಂಬಿ ಇಲ್ಲದ ಹೊರೆ

ಟ್ಯಾರೋ ಕಾರ್ಡ್ ನೋಡ್ತೀನಿ ಅಂತ ಹೇಳಿದ್ರೆ ಸಾಕು, ಎದುರಿಗಿದ್ದವರ ಮುಖ ಎರಡರಲ್ಲಿ ಒಂದು ಥರ ಆಗುತ್ತೆ. ಒಂದು, ‘ಬಿಇ ಓದಿ ಇದೇನಪ್ಪಾ ನಿಂದು’ ಅನ್ನೋ ಮುಖ. ಇನ್ನೊಂದು, ‘ನಂದೂ ಸ್ವಲ್ಪ ನೋಡು ಗುರು, ಈ ಸಲನಾದ್ರೂ ಹೈಕ್ ಆಗುತ್ತಾ?’ ಅನ್ನೋ ಮುಖ. ಕಾರ್ಡಿಗೆ ಭವಿಷ್ಯ ಗೊತ್ತಿಲ್ಲ ಅಂತ ಮೊದಲನೆಯವರಿಗೆ ಹೇಳ್ತೀನಿ. ಎರಡನೆಯವರಿಗೂ ಅದನ್ನೇ ಹೇಳ್ತೀನಿ, ಸ್ವಲ್ಪ ಮೆತ್ತಗೆ.

ಮತ್ತೆ ಯಾಕೆ ನೋಡ್ತೀಯ ಅಂತ ಇಬ್ಬರೂ ಕೇಳ್ತಾರೆ. ಅದಕ್ಕೇ ಈ ಬರಹ.

ಮೊದಲು ಟ್ಯಾರೋದ್ದೇ ಜಾತಕ ನೋಡಿಬಿಡೋಣ. ಇದು ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ. ಶಾಸ್ತ್ರ ಹೇಳೋಕಲ್ಲ, ಇಸ್ಪೀಟಿನ ಥರ ಕೂತು ಆಡೋಕೆ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಅನ್ನೋರು ಇದು ಪ್ರಾಚೀನ ಈಜಿಪ್ಟಿನ ಗುಪ್ತ ಜ್ಞಾನ ಅಂತ ಬರೆದರು. ಅದಕ್ಕೆ ಆಧಾರ ಇರಲಿಲ್ಲ, ಆದ್ರೆ ಮಾತು ಹಬ್ಬಿತು. ಒಟ್ಟು 78 ಎಲೆ. ಅದರಲ್ಲಿ 22 ದೊಡ್ಡ ಎಲೆಗಳು: ಸೂರ್ಯ, ಚಂದ್ರ, ಸಾವು, ಸನ್ಯಾಸಿ ಹೀಗೆ. ಉಳಿದ 56 ನಮ್ಮ ಇಸ್ಪೀಟಿನ ನೆಂಟರೇ. ಕೋಲು, ಬಟ್ಟಲು, ಕತ್ತಿ, ನಾಣ್ಯ ಅಂತ ನಾಲ್ಕು ಜಾತಿ. ರಾಜ, ರಾಣಿ, ಗುಲಾಮನ ಜೊತೆಗೆ ಒಬ್ಬ ಕುದುರೆ ಸವಾರ ಜಾಸ್ತಿ.

ನನ್ನ ಹತ್ರ ಇರೋದು 1909ರಲ್ಲಿ ಲಂಡನ್ನಿನಲ್ಲಿ ಬಂದ ರೈಡರ್-ವೇಟ್ ಡೆಕ್. ರೈಡರ್ ಅಂದ್ರೆ ಪ್ರಕಾಶಕರು, ವೇಟ್ ಅಂದ್ರೆ ಅದನ್ನ ಮಾಡಿಸಿದ ಆರ್ಥರ್ ಎಡ್ವರ್ಡ್ ವೇಟ್. 78 ಚಿತ್ರಗಳನ್ನೂ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಹೆಸರು ಕಂಪನಿದು ಮತ್ತು ಮ್ಯಾನೇಜರ್‌ದು, ಕೆಲಸ ಮಾಡಿದವಳು ಬೇರೆ. ನಮ್ಮ ಫೀಲ್ಡಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಕೆಲಸ ದೊಡ್ಡದು, ದುಡ್ಡು ಚಿಕ್ಕದು ಅಂತ ಅವಳು ಅದೇ ವರ್ಷ ಒಂದು ಪತ್ರದಲ್ಲಿ ಬರೆದುಕೊಂಡಿದ್ದಳು. ಆದ್ರೂ ಎಲೆಗಳ ಮೂಲೆಯಲ್ಲಿ ಹಾವಿನ ಥರ ಸುತ್ತಿಕೊಂಡ ಅವಳ ಸಹಿ ಇವತ್ತಿಗೂ ಇದೆ, ಹುಡುಕಿ ನೋಡಿ. ಅವಳಿಗಿಂತ ಮುಂಚಿನ ಹೆಚ್ಚಿನ ಡೆಕ್‌ಗಳಲ್ಲಿ ‘ಹತ್ತು ಕೋಲು’ ಅಂದ್ರೆ ಬರೀ ಹತ್ತು ಕೋಲಿನ ಗುರುತು ಇರ್ತಿತ್ತು. ಅವಳು ಹೆಚ್ಚಿನ ಎಲೆಗಳಲ್ಲಿ ಮನುಷ್ಯರನ್ನ ತಂದು ನಿಲ್ಲಿಸಿದಳು. ನನ್ನ ರೀತಿಯ ಓದು ಸಾಧ್ಯ ಆಗೋದು ಇದರಿಂದಲೇ.

ಈಗ ಬುದ್ಧಿವಂತರ ಪ್ರಶ್ನೆಗೆ ಬರೋಣ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಅಂತ ಒಂದನ್ನ ಕೊಟ್ಟ. ಆಮೇಲೆ ‘ಇದು ನಿನ್ನ ಫಲಿತಾಂಶ’ ಅಂತ ಎಲ್ಲರಿಗೂ ಒಂದೇ ಒಕ್ಕಣೆಯ ಹಾಳೆ ಹಂಚಿದ. ಹೆಚ್ಚಿನ ವಾಕ್ಯಗಳು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಎಷ್ಟು ಸರಿಯಿದೆ, 5ಕ್ಕೆ ಅಂಕ ಕೊಡಿ ಅಂದಾಗ ಸರಾಸರಿ 4 ದಾಟಿತು. ನಮ್ಮೂರ ಸಂತೆಗೆ ಬರ್ತಿದ್ದ ಗಿಣಿಶಾಸ್ತ್ರದವನಿಗೂ ಈ ಗುಟ್ಟು ಗೊತ್ತಿತ್ತು. ಗಿಣಿ ಎಲೆ ಎತ್ತುವಾಗ ಅವನ ಕಣ್ಣು ಗಿಣಿ ಮೇಲೆ ಇರ್ತಿರಲಿಲ್ಲ, ಮುಂದೆ ಕೂತ ಹೆಂಗಸಿನ ಮುಖದ ಮೇಲಿರ್ತಿತ್ತು. ‘ಮನಸ್ಸಿಗೆ ಏನೋ ಕೊರಗು ಐತೆ ತಾಯಿ’ ಅಂದ್ರೆ ಇಲ್ಲ ಅನ್ನೋರು ಯಾರು?

ಅದಕ್ಕೇ ನನ್ನ ಮೊದಲ ನಿಯಮ ಏನಂದ್ರೆ, ಎಲೆಯ ಬಗ್ಗೆ ನಾನು ಮೊದಲು ಬಾಯಿ ಬಿಡೋದಿಲ್ಲ. ಒಂದು ಎಲೆ ತೆಗೆಸ್ತೀನಿ, ಹೆಸರು ಹೇಳಲ್ಲ, ಅರ್ಥನೂ ಹೇಳಲ್ಲ. ‘ಕಣ್ಣು ಮೊದಲು ಎಲ್ಲಿ ಬಿತ್ತು?’ ಅಂತ ಕೇಳ್ತೀನಿ. ಆಮೇಲೆ ‘ಇದರಲ್ಲಿ ನೀನು ಯಾರು?’ ಅಂತ. ಅಷ್ಟೇ. ಕೋಡ್‌ನಲ್ಲಿ ಬಗ್ ಸಿಗದಿದ್ದಾಗ ಟೇಬಲ್ ಮೇಲಿನ ರಬ್ಬರ್ ಬಾತುಕೋಳಿಗೆ ಲೈನು ಲೈನಾಗಿ ವಿವರಿಸ್ತೀವಲ್ಲ, ಹಂಗೆ. ಬಾತುಕೋಳಿಗೆ ಜಾವಾ ಬರಲ್ಲ, ಆದ್ರೂ ಅರ್ಧ ಹೇಳೋ ಹೊತ್ತಿಗೆ ತಪ್ಪು ಎಲ್ಲಿದೆ ಅಂತ ನಮಗೇ ಹೊಳೆಯುತ್ತೆ.

‘ಫೈವ್ ಆಫ್ ಕಪ್ಸ್’ ಅನ್ನೋ ಎಲೆ ತಗೊಳ್ಳಿ. ಕಪ್ಪು ನಿಲುವಂಗಿಯವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಮುಂದೆ ಮೂರು ಬಟ್ಟಲು ಉರುಳಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ಇನ್ನೂ ನೆಟ್ಟಗೆ ನಿಂತಿವೆ. ದೂರದಲ್ಲಿ ಹೊಳೆ, ಸೇತುವೆ, ಒಂದು ಮನೆ. ಪುಸ್ತಕ ‘ನಷ್ಟ, ದುಃಖ’ ಅನ್ನುತ್ತೆ. ಕೆಲಸ ಕಳೆದುಕೊಂಡಿದ್ದ ಇಬ್ಬರಿಗೆ ಬೇರೆ ಬೇರೆ ದಿನ ಇದೇ ಎಲೆ ಬಂತು. ಒಬ್ಬ ಚೆಲ್ಲಿದ್ದನ್ನೇ ನೋಡಿ ಸುಮ್ಮನೆ ಕೂತ. ಇನ್ನೊಬ್ಬ ‘ಸೇತುವೆ ಇದೆಯಲ್ಲ ಮಗಾ, ಇವನ್ಯಾಕೆ ಇಲ್ಲೇ ನಿಂತವ್ನೆ?’ ಅಂದ. ಎಲೆ ಒಂದೇ. ಮೊದಲನೆಯವನಿಗೆ ಆವತ್ತು ಬೇಕಾಗಿದ್ದು ರೆಸ್ಯೂಮೆ ಸಲಹೆ ಅಲ್ಲ, ಜೊತೆಗೆ ಕೂತು ಕಾಫಿ ಕುಡಿಯೋರು. ಅದು ನನಗೆ ತಿಳಿದದ್ದು ಅವನು ಸುಮ್ಮನೆ ಕೂತ ರೀತಿಯಿಂದ.

ಹಾಗಂತ ನಾನು ಬರೀ ಪ್ರಶ್ನೆ ಕೇಳಿ ಎದ್ದು ಹೋಗಲ್ಲ. ನನ್ನ ಕಣ್ಣಿಗೂ ಒಂದು ಊರಿದೆ. ‘ಟೆನ್ ಆಫ್ ವಾಂಡ್ಸ್’ನಲ್ಲಿ ಒಬ್ಬ ಹತ್ತು ಕೋಲುಗಳನ್ನ ತಬ್ಬಿಕೊಂಡು, ಸೊಂಟ ಬಗ್ಗಿಸಿ ಹೋಗ್ತಿದ್ದಾನೆ. ಮುಖ ಕೋಲುಗಳ ಹಿಂದೆ ಹೂತು ಹೋಗಿದೆ. ಪುಸ್ತಕದ ಪ್ರಕಾರ ಇದು ಅತಿಯಾದ ಜವಾಬ್ದಾರಿ. ನನಗೆ ಕಂಡದ್ದು ಬೇರೆ: ಇವನಿಗೆ ಹೊರೆ ಹೊರೋಕೆ ಬರಲ್ಲ! ಸೌದೆ ಹೊರೆಯನ್ನ ಯಾರಾದ್ರೂ ಹೀಗೆ ಮುಖಕ್ಕೆ ಅಡ್ಡ ಹಿಡಿದು ತರ್ತಾರಾ? ನಮ್ಮವ್ವ ಹಗ್ಗದಲ್ಲಿ ಬಿಗಿದು, ತಲೆ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು, ‘ಬಾರೋ, ಒಂದು ಕೈ ಹಾಕು’ ಅಂತ ಕರೆದು ಹೊರೆ ಎತ್ತಿಸಿಕೊಳ್ತಿದ್ದಳು. ಹೊರೋಳು ಒಬ್ಬಳೇ ಆದ್ರೂ ಎತ್ತೋಕೆ ಇನ್ನೊಬ್ಬರು ಬೇಕೇ ಬೇಕು.

ಆಫೀಸಿನ ಗೆಳತಿಯೊಬ್ಬಳಿಗೆ ಈ ಎಲೆ ಬಂತು. ಎರಡು ಟೀಮಿನ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಮೂರು ವರ್ಷದ ಮಗು. ಕೆಲಸ ಬಿಡಲಾ ಅಂತ ಅವಳ ಪ್ರಶ್ನೆ. ಚಿತ್ರ ನೋಡಿದವಳೇ ‘ಇದು ನಾನೇ ಕಣೋ’ ಅಂದಳು. ನಾನು ಸಿಂಬಿ ವಿಷಯ ಹೇಳಿದೆ. ‘ಈ ಹೊರೆನ ನಿನಗೆ ಎತ್ತಿ ಕೊಟ್ಟೋರು ಯಾರು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರೂ ಕೊಡ್ಲಿಲ್ಲ. ಒಂದೊಂದೇ ಕೋಲು ಬಿದ್ದಿತ್ತು, ನಾನೇ ಎತ್ಕೊಂಡೆ’ ಅಂದಳು. ಆ ವಾರ ಅವಳು ಕೆಲಸ ಬಿಡಲಿಲ್ಲ. ಎರಡನೇ ಟೀಮಿನ ಕೆಲಸ ಬೇಡ ಅಂತ ಮೇಲ್ ಹಾಕಿದಳು. ಗಂಡನಿಗೆ ಗುರುವಾರ, ಶುಕ್ರವಾರ ಅಮ್ಮನ್ನ ನೀನೇ ನೋಡ್ಕೋ ಅಂದಳು. ಕೆಲಸ ಬಿಡೋ ಪ್ರಶ್ನೆ ಇನ್ನೂ ಹಾಗೇ ಇದೆ, ಆದ್ರೆ ಈಗ ಅವಳಿಗೆ ದಾರಿ ಕಾಣ್ತಿದೆಯಂತೆ.

ನನಗೋಸ್ಕರ ತೆಗೆದ ಎಲೆಗಳಲ್ಲಿ ಒಂದನ್ನ ಮಾತ್ರ ಹೇಳ್ತೀನಿ. ಹೋದ ವರ್ಷ ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟ ಮಾರೋ ಮಾತು ಎದ್ದಿತ್ತು. ಅಪ್ಪನಿಗೆ ಮಂಡಿ ನೋವು, ಕಾಯಿ ಕೆಡವೋರು ಸಿಗಲ್ಲ, ಬ್ರೋಕರ್ ದಿನಾ ಫೋನು. ಅಣ್ಣ, ಅಕ್ಕ, ನಾನು ವಾಟ್ಸಾಪಿನಲ್ಲಿ ಗುಂಟೆ ಲೆಕ್ಕ ಹಾಕ್ತಿದ್ದೆವು. ಒಂದು ರಾತ್ರಿ ಎಲೆ ತೆಗೆದೆ. ‘ಸೆವೆನ್ ಆಫ್ ಪೆಂಟಕಲ್ಸ್’ ಬಂತು. ಒಬ್ಬ ರೈತ ಗುದ್ದಲಿ ಹಿಡಿಗೆ ಒರಗಿ ನಿಂತು ತನ್ನ ಗಿಡ ನೋಡ್ತಿದ್ದಾನೆ. ಗಿಡದಲ್ಲಿ ಆರು ನಾಣ್ಯ, ಕಾಲ ಬಳಿ ಒಂದು. ತಾಳ್ಮೆ, ದೀರ್ಘಾವಧಿ ಹೂಡಿಕೆ ಅಂತ ಪುಸ್ತಕ. ನನಗೆ ಕಂಡದ್ದು ಸಂಜೆ ಹೊತ್ತು ತೋಟದಲ್ಲಿ ಸುಮ್ಮನೆ ನಿಲ್ಲೋ ಅಪ್ಪ. ಆಗ ಅವನು ಕಾಯಿ ಎಣಿಸ್ತಿರಲ್ಲ. ಕೆಲಸ ಮುಗಿದಿರುತ್ತೆ, ಆದ್ರೂ ಮನೆಗೆ ಬರಲ್ಲ.

ಮಾರನೇ ದಿನ ಫೋನ್ ಮಾಡಿ, ರೇಟಿನ ಮಾತು ಬಿಟ್ಟು, ‘ಅಪ್ಪಾ, ನಿನಗೇನು ಬೇಕು?’ ಅಂದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಮಾರೋದು ಬಿಡೋದು ನಿಮಗೆ ಬಿಟ್ಟಿದ್ದು ಕಣಪ್ಪ. ಬಾವಿ ಪಕ್ಕದ ನಾಕು ಸಾಲು ಇರ್ಲಿ. ಸಾಯಂಕಾಲ ಹೋಗಿ ಕೂರಕ್ಕೆ ಒಂದು ಜಾಗ ಬೇಕಲ್ಲ’ ಅಂದ. ಸದ್ಯ ತೋಟ ಪಕ್ಕದವರಿಗೆ ಗುತ್ತಿಗೆಗೆ ಹೋಗಿದೆ, ಬಾವಿ ಪಕ್ಕದ ನಾಕು ಸಾಲು ಬಿಟ್ಟು. ಮುಂದೆ ಏನಾಗುತ್ತೋ ಯಾವ ಎಲೆಗೂ ಗೊತ್ತಿಲ್ಲ.

ನೀವೂ ನೋಡಬೇಕು ಅನ್ನಿಸಿದ್ರೆ, ಡೆಕ್ ಜೊತೆ ಬರೋ ಪುಟ್ಟ ಪುಸ್ತಕಾನ ಒಂದು ತಿಂಗಳು ಡ್ರಾಯರಿನಲ್ಲಿಡಿ. ದಿನಕ್ಕೊಂದು ಎಲೆ, ಐದು ನಿಮಿಷ, ಕಂಡದ್ದು ಒಂದು ಸಾಲು. ಸಾವಿನ ಎಲೆ ಬಂದ್ರೆ ಹೆದರಬೇಡಿ. ಬಿಳಿ ಕುದುರೆ ಮೇಲಿನ ಅಸ್ಥಿಪಂಜರದ ಹಿಂದೆ, ಎರಡು ಗೋಪುರಗಳ ನಡುವೆ ಸೂರ್ಯ ಇದ್ದಾನೆ. ಆರೋಗ್ಯದ ಪ್ರಶ್ನೆಗೆ ಡಾಕ್ಟರ್ ಇದ್ದಾರೆ, ಕೋರ್ಟಿನ ಪ್ರಶ್ನೆಗೆ ವಕೀಲರಿದ್ದಾರೆ, ಅಲ್ಲಿಗೆ ಹೋಗಿ. ‘ಅವಳಿಗೆ ನಾನಂದ್ರೆ ಇಷ್ಟಾನಾ’ ಅನ್ನೋದನ್ನ ಅವಳನ್ನೇ ಕೇಳಿ. ನಾನು ದುಡ್ಡು ತಗೊಳ್ಳಲ್ಲ, ಈ ಮೂರು ಥರದ ಪ್ರಶ್ನೆಗೆ ಎಲೆನೂ ತೆಗೆಯಲ್ಲ.

ಇನ್ನೊಂದು ನಿಯಮ ಉಂಟು. ಎಲೆ ಬಂದ ಮೇಲೆ ಕೆಲವರು ‘ಇನ್ನೊಂದ್ಸಲ ಶಫಲ್ ಮಾಡು, ಬೇರೆ ಬರ್ಲಿ’ ಅಂತಾರೆ. ಮೂರು ಎಲೆ ಸಾಲಾಗಿ ತೆಗೆದ್ರೆ 4,56,456 ಥರದಲ್ಲಿ ಬರಬಹುದು, ಬೇಕಾದ್ದು ಸಿಗೋವರೆಗೂ ಕೂರಬಹುದು. ನಾನು ಶಫಲ್ ಮಾಡಲ್ಲ. ‘ಬೇರೆ ಬರ್ಲಿ ಅಂದೆಯಲ್ಲ, ಯಾವುದು ಬರಬೇಕಿತ್ತು?’ ಅಂತ ಕೇಳ್ತೀನಿ. ಅದಕ್ಕೆ ಉತ್ತರ ಅವರ ಬಾಯಲ್ಲಿ ಯಾವಾಗಲೂ ರೆಡಿ ಇರುತ್ತೆ.