ಹುಳುವಿನ ಕೆಂಪು, ಹೊಗೆಯ ಕಪ್ಪು

ಮೆಕ್ಸಿಕೋದ ವಹಾಕಾ ನಗರವನ್ನು ನಡೆದೇ ನೋಡಬೇಕು. 16ನೇ ಶತಮಾನದಲ್ಲಿ ಸ್ಪೇನಿನವರಿಗಾಗಿ ಅಲೊನ್ಸೊ ಗಾರ್ಸಿಯಾ ಬ್ರಾವೊ ನೆಟ್ಟಗೆ ಗೆರೆ ಎಳೆದು ಹಾಕಿಕೊಟ್ಟ ಬೀದಿಗಳು ಇವತ್ತಿಗೂ ಹಾಗೇ ಇವೆ. ಇಕ್ಕೆಲದಲ್ಲೂ ಹಸಿರು ಛಾಯೆಯ ಕಲ್ಲಿನ ಕಟ್ಟಡಗಳು. ಸಾಂತೊ ದೊಮಿಂಗೊ ಚರ್ಚಿನ ಮುಂದಿನಿಂದ ಅಲ್ಕಲಾ ಬೀದಿ ಹಿಡಿದರೆ ವಾಹನಗಳ ಕಾಟವೂ ಇಲ್ಲ. ತೆರೆದ ಬಾಗಿಲುಗಳ ಒಳಗೆಲ್ಲ ಬಣ್ಣ.

ಒಂದು ಬಾಗಿಲಿನೊಳಗೆ ಉಣ್ಣೆಯ ಜಮಖಾನೆಗಳು ತೂಗುತ್ತಿದ್ದವು. ಹತ್ತಿರದ ತಿಯೋತಿತ್ಲಾನ್ ಹಳ್ಳಿಯ ಸಾಪೊಟೆಕ್ ನೇಕಾರರ ಕೆಲಸ. ಅಂಗಡಿಯಾಕೆ ಬೂದು ಬಣ್ಣದ ನಾಲ್ಕು ಒಣ ಕಾಳುಗಳನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಅರೆದಳು. ಅಂಗೈ ರಕ್ತಗೆಂಪಾಯಿತು. ನಿಂಬೆರಸ ಹಿಂಡಿದಳು, ಕೆಂಪು ಕಿತ್ತಳೆಗೆ ತಿರುಗಿತು. ಚಿಟಿಕೆ ಸುಣ್ಣ ಬಿದ್ದದ್ದೇ ನೇರಳೆ! ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ಮಕ್ಕಳು ಬೆರಗಾಗುತ್ತಾರಲ್ಲ, ಹಾಗೆ ನಿಂತುಬಿಟ್ಟೆ.

ಅದು ಕಾಳಲ್ಲ, ಕೊಚಿನೀಲ್ ಹುಳು. ಪಾಪಾಸುಕಳ್ಳಿಯ ಎಲೆಗೆ ಅಂಟಿಕೊಂಡು ರಸ ಹೀರುವ ಈ ಹೆಣ್ಣು ಕೀಟ ತನ್ನನ್ನು ತಿನ್ನಬರುವವರನ್ನು ದೂರವಿಡಲು ಮೈಯಲ್ಲಿ ಕೆಂಪು ಆಮ್ಲ ತುಂಬಿಕೊಳ್ಳುತ್ತದೆ. ಒಂದು ಪೌಂಡಿಗೆ ಸುಮಾರು 70,000 ಒಣ ಹುಳು ಬೇಕು. ವಸಾಹತು ಕಾಲದಲ್ಲಿ ಮೆಕ್ಸಿಕೋದಿಂದ ಹೊರಟ ಸರಕಿನಲ್ಲಿ ಬೆಳ್ಳಿ ಬಿಟ್ಟರೆ ಇದಕ್ಕೇ ಬೆಲೆ. ಸ್ಪೇನ್ ಗುಟ್ಟು ಬಿಟ್ಟುಕೊಡಲಿಲ್ಲ. ಇದು ಬೀಜವೋ ಹುಳುವೋ ಎಂದು ಯುರೋಪಿನ ಪಂಡಿತರು ಬಹುಕಾಲ ವಾದ ಮಾಡುತ್ತಲೇ ಇದ್ದರು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲೂ ಕಳ್ಳಿ ಬೆಳೆಸಿ ಇದನ್ನು ಸಾಕಲು ಹವಣಿಸಿತು, ಆದರೆ ಕೈಗೆ ಬಂದದ್ದು ಕೀಳು ತಳಿ. ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟಿನ ಬಣ್ಣ ಬರುತ್ತಿದ್ದದ್ದೂ ಈ ಹುಳುವಿನಿಂದಲೇ. ಈ ಊರಿನ ಚರ್ಚುಗಳ ವೈಭವದಲ್ಲಿ ಕಳ್ಳಿಯಿಂದ ಹುಳು ಕೆರೆದು ಕೂಡಿಸಿದ ಹಳ್ಳಿಗರ ದುಡಿಮೆಯ ಪಾಲಿದೆ. ಅವರ ಹೆಸರನ್ನು ಯಾವ ಗೋಡೆಯ ಮೇಲೂ ಕಾಣದೆ ನನಗೆ ಸಂಕಟವಾಯಿತು.

ಚೌಕ ದಾಟಿದರೆ ಮಾರುಕಟ್ಟೆಗಳು ಎದುರುಬದುರು. ಬೆನಿತೊ ಹುವಾರೆಸ್ ಮಾರುಕಟ್ಟೆಯಲ್ಲಿ ಹುರಿದ ಮಿಡತೆಗಳ ಗುಡ್ಡೆ, ಪಕ್ಕದಲ್ಲೇ ಒಣಮೆಣಸಿನಕಾಯಿಯ ರಾಶಿ. ಬ್ಯಾಡಗಿಯ ಮೆಣಸಿನ ಮೂಲಪುರುಷರು ಈ ನೆಲದವರು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದವರು. ಘಾಟು ಮೂಗಿಗೆ ಬಡಿದಾಗ ಪರದೇಶ ಅನ್ನಿಸಲೇ ಇಲ್ಲ. ಮೀನಾ ಬೀದಿಯ ಗಿರಣಿಗಳಲ್ಲಿ ಕೋಕೋ ಬೀಜಕ್ಕೆ ಚಕ್ಕೆ, ಬಾದಾಮಿ, ಸಕ್ಕರೆ ಸೇರಿಸಿ ನಾವು ಹೇಳಿದ ಹದಕ್ಕೆ ಬೀಸಿಕೊಡುತ್ತಾರೆ.

ಕೊನೆಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಪ್ಪು ಮಡಕೆ. ಗಾಜಿನಂತೆ ಹೊಳೆಯುತ್ತದೆ, ಆದರೆ ಮೇಲೆ ಯಾವ ಲೇಪವೂ ಇಲ್ಲ! ಹಸಿ ಮಡಕೆ ಇನ್ನೇನು ಒಣಗಬೇಕು ಅನ್ನುವಾಗ ನುಣುಪು ಕಲ್ಲಿನಿಂದ ಉಜ್ಜುತ್ತಾರೆ; ಗಾಳಿಯಾಡದಂತೆ ಮುಚ್ಚಿದ ಆವಿಗೆಯ ಹೊಗೆಯಲ್ಲಿ ಮಣ್ಣಿನ ಕಬ್ಬಿಣ ಕಪ್ಪಾಗುತ್ತದೆ. ಮೊದಲು ಇವು ಮಾಸಲು ಬೂದು ಬಣ್ಣದ ಗಟ್ಟಿ ಕೊಡಗಳು, ನೀರಿಗೂ ಮೆಸ್ಕಾಲ್ ಮದ್ಯಕ್ಕೂ ಆಗುತ್ತಿದ್ದವು. 1950ರ ದಶಕದಲ್ಲಿ ಸಾನ್ ಬಾರ್ತೊಲೊ ಕೊಯೊತೆಪೆಕ್ ಹಳ್ಳಿಯ ದೋನಾ ರೋಸಾ ಈ ಹೊಳಪನ್ನು ಕಂಡುಕೊಂಡರು. ಹೊಳಪು ಬಂತು, ನೀರು ಹಿಡಿಯುವ ಗುಣ ಹೋಯಿತು. ಆದರೂ ಈ ಹೊಳಪೇ ಹಳ್ಳಿಯ ಹೆಸರನ್ನು ದೂರದವರೆಗೆ ಕೊಂಡೊಯ್ದಿತು.

ಅಲ್ಲಿನ ಕುಂಬಾರರು ಚಕ್ರ ಬಳಸುವುದಿಲ್ಲವಂತೆ. ಬೋರಲು ಹಾಕಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಇಟ್ಟು ಕೈಯಿಂದಲೇ ತಿರುಗಿಸುತ್ತಾರೆ ಎಂದು ಮಾರುವವ ಬರಿಗೈಯಲ್ಲಿ ಅಭಿನಯಿಸಿ ತೋರಿಸಿದ. ಹಳ್ಳಿ ದಕ್ಷಿಣಕ್ಕೆ, ಹತ್ತು ಹನ್ನೆರಡು ಕಿಲೋಮೀಟರ್. ಮಡಕೆಯ ಬೆಲೆ ಕೇಳುವುದನ್ನು ಬಿಟ್ಟು ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಿದೆ.