ಡಬ್ಬಿಯೊಳಗಿನ ದನಿ

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಬರುವಾಗ ನನ್ನ ಹತ್ತಿರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅವ್ವ ಅರಿವೆಯಲ್ಲಿ ಕಟ್ಟಿಕೊಟ್ಟ ಖಟಿ ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದವು. ರೊಟ್ಟಿ ನಾಲ್ಕು ದಿನಕ್ಕೆ ಮುಗಿದವು. ಟ್ರಂಕು ಮೂರನೇ ಬಾಡಿಗೆ ಮನೆ ಬಿಡುವಾಗ ಗುಜರಿಗೆ ಹೋಯಿತು. ಐದು ಮನೆ ಬದಲಿಸಿದರೂ ನಾನು ಲಾರಿಗೆ ಹಾಕದೆ ನನ್ನ ಕೈಚೀಲದಲ್ಲೇ ಇಟ್ಟುಕೊಂಡು ಬಂದ ವಸ್ತು ಒಂದೇ. ಅಂಗೈ ಅಗಲದ ಕರಿ ಡಬ್ಬಿ. ಯುಎಸ್‌ಬಿ ವಾಯರಿನಿಂದ ಕಂಪ್ಯೂಟರಿಗೆ ಹಚ್ಚುವ 500 ಜಿಬಿ ಹಾರ್ಡ್ ಡಿಸ್ಕು.

ಅದರೊಳಗೆ ಏನಿತ್ತು ಅಂತ ಮೊದಲು ಹೇಳಬೇಕು.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ನಮ್ಮಪ್ಪ ಸಾಲಿ ಮಾಸ್ತರ. 1985ರಲ್ಲಿ ಪಗಾರದ ಬಾಕಿ ಬಂತೆಂದು ಒಂದು ಟೇಪ್ ರೆಕಾರ್ಡರ್ ತಂದ. ಅವ್ವ ಬೀಸುವಾಗ, ಕುಟ್ಟುವಾಗ, ಯಾರದಾದರೂ ಮದುವೆಯಲ್ಲಿ ಸುರಗಿ ಸುತ್ತುವಾಗ ಹಾಡುತ್ತಿದ್ದಳು. 'ಹಾಡು' ಅಂದರೆ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಪ್ಪ ಜೋಳದ ಚೀಲದ ಹಿಂದೆ ಟೇಪ್ ರೆಕಾರ್ಡರ್ ಬಚ್ಚಿಟ್ಟು, ಗುಂಡಿ ಒತ್ತಿ, ಏನೂ ಅರಿಯದವನಂತೆ ಅಂಗಳಕ್ಕೆ ಹೋಗಿ ಕೂಡುತ್ತಿದ್ದ. ಹಾಗೆ ಕದ್ದು ತುಂಬಿಸಿದ್ದು 11 ಕ್ಯಾಸೆಟ್ಟು. ಅವುಗಳಲ್ಲಿ ಅವ್ವನ ದನಿಯ ಜೊತೆಗೆ ಬೀಸುಕಲ್ಲಿನ ಗರಗರ, ಎಮ್ಮೆಯ ಕೂಗು, ಅಂಗಳದಿಂದ ಅಪ್ಪನ ಕೆಮ್ಮು ಎಲ್ಲಾ ಸೇರಿಕೊಂಡಿವೆ.

ಅಪ್ಪ ಹೋದ ಮೇಲೆ ಕ್ಯಾಸೆಟ್ಟಿಗೆ ಬೂಸರು ಹಿಡಿಯತೊಡಗಿತು. 2011ರಲ್ಲಿ ಅವನ್ನೆಲ್ಲ ಪುಣೆಗೆ ತಂದೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಾಯರು. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸು ಕೂಡಲೇಬೇಕು. ಹನ್ನೊಂದು ಭಾನುವಾರ ಕೂತೆ. ದನಿಯನ್ನು ಹಿಂಡಿ ಸಣ್ಣದು ಮಾಡುವುದು ಬೇಡವೆಂದು ಇದ್ದದ್ದು ಇದ್ದಂತೆ ವೇವ್ ಫೈಲಿನಲ್ಲಿ ಇಟ್ಟೆ. ತಾಸಿಗೆ 600 ಎಂಬಿ ಮೇಲೆ, ಒಟ್ಟು 7 ಜಿಬಿಯಷ್ಟು. ಎಲ್ಲ ಆ ಕರಿ ಡಬ್ಬಿಗೆ ಹೋಯಿತು. ಕ್ಯಾಸೆಟ್ಟು ಊರಿಗೆ ಮರಳಿದವು.

2014ರಲ್ಲಿ ಊರ ಮನೆಗೆ ಸುಣ್ಣ ಹಚ್ಚುವಾಗ ಅಕ್ಕ ಫೋನು ಮಾಡಿದ್ದಳು. "ತಮ್ಮಾ, ಈ ಕ್ಯಾಸೆಟ್ ಏನ್ ಮಾಡ್ಲೋ? ಬೂಸರ ವಾಸನಿ ಬಡ್ಯಾಕತ್ತಾವ."

"ಒಗದಬಿಡಕ್ಕಾ, ಎಲ್ಲಾ ಕಂಪ್ಯೂಟರಿನ್ಯಾಗ ಹಾಕೇನಿ" ಅಂದೆ. ಎಷ್ಟು ಹಗುರಾಗಿ ಅಂದೆ! ಎರಡು ವರ್ಷದ ಮೇಲೆ, 2016ರಲ್ಲಿ, ಅವ್ವ ಹೋದಳು.

ಹೋದ ವರ್ಷ ಆಷಾಢದಲ್ಲಿ, ಪುಣೆಯಿಂದ ಪಾಲಖಿ ಪಂಢರಪುರದ ಕಡೆ ಸಾಗಿ ನಾಲ್ಕೈದು ದಿನವಾಗಿತ್ತು, ಅಕ್ಕನ ಫೋನು ಬಂತು. ಶ್ರಾವಣದಲ್ಲಿ ಮಗಳ ಮದುವೆ. "ತಮ್ಮಾ, ಅವ್ವನ ಸುರಗಿ ಹಾಡು ನಿನ್ನ ಹತ್ರ ಐತೆಲ್ಲೋ? ಕಳಸಿಬಿಡು. ಹುಡಿಗೀಗೆ ಸುರಗಿ ಸುತ್ತೂ ಮುಂದ ಹಚ್ಚೂಣು."

ಆ ರಾತ್ರಿಯೇ ಡಬ್ಬಿ ಹಚ್ಚಿದೆ. ನೀಲಿ ದೀಪ ಹತ್ತಿತು. ಒಳಗೆ ಟಿಕ್, ಟಿಕ್, ಟಿಕ್ ಅಂತು. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಟಿಕ್. ಪರದೆಯ ಮೇಲೆ ಏನೂ ಬರಲಿಲ್ಲ.

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸು. ಅದು ಬಡತನದ ಕಾಲದ ಗೆಳೆತನ. 2006ರಲ್ಲಿ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು, ಹಾಗೆ ಬಂದದ್ದು ಉಳಿದುಕೊಂಡಿತು. ಲಿನಕ್ಸಿನ ಒಂದು ಗುಣವೆಂದರೆ, ಅದಕ್ಕೆ ಏನಾದರೂ ತೊಂದರೆಯಾದರೆ ಮುಖ ಊದಿಸಿಕೊಂಡು ಕೂಡುವುದಿಲ್ಲ. ಎಲ್ಲವನ್ನೂ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. 'ಡಿಮೆಸೆಜ್' ಅಂತ ಹೊಡೆದರೆ ಆ ದಿನಚರಿ ತೆರೆಯುತ್ತದೆ. ಅಲ್ಲಿ ಸಾಲುಸಾಲಾಗಿ ಹೊಸ ಸಾಧನ ಬಂತು, ಅದರ ವಿವರ ಓದಲಾಗಲಿಲ್ಲ, ತಪ್ಪು ಮೈನಸ್ 71, ರೀಸೆಟ್ ಮಾಡಿದೆ, ಸಾಧನ ಹೋಯಿತು ಅಂತ ಬರೆದಿತ್ತು. ನಡುನಡುವೆ ಮೈನಸ್ 110.

ಈ ಅಂಕಿಗಳಿಗೆ ಅರ್ಥವಿದೆ. 110 ಅಂದರೆ ಕರೆದೆ, ಓಗೊಡಲಿಲ್ಲ, ಕಾಯುವ ಹೊತ್ತು ಮೀರಿತು. 71 ಅಂದರೆ ಓಗೊಟ್ಟಿತು, ಆದರೆ ಮಾತು ತೊದಲಿತು. ತೊದಲುವುದಕ್ಕೆ ಡಿಸ್ಕೇ ಕಾರಣವಾಗಬೇಕಿಲ್ಲ. ವಾಯರು, ತೂತು, ಕರೆಂಟು, ಯಾವುದೂ ಆಗಿರಬಹುದು. ಇದು ತಿಳಿದಿದ್ದರೂ ಆ ರಾತ್ರಿ ನಾನು ಮಾಡಿದ್ದೇನು? ಹತ್ತು ಸಲ ಕಿತ್ತು ಹತ್ತು ಸಲ ಹಚ್ಚಿದೆ. ಕಾಯಿಲೆಯವರನ್ನು ಹಿಡಿದು ಅಲುಗಾಡಿಸಿ ಎಬ್ಬಿಸಿದಂತೆ. ಕೊನೆಗೆ ಹೆಂಡತಿ ಬಂದು, "ಸಾಕು ಬಿಡ್ರಿ, ಇದ್ದದ್ದೂ ಹೋದೀತು" ಅಂದಳು. ಆ ಮಾತೇ ಆ ದಿನದ ಸರಿಯಾದ ಸಲಹೆ.

ಮರುದಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಮಳೆಯಲ್ಲಿ ಬುಧವಾರ ಪೇಠೆಗೆ ಹೋದೆ. ಡೇಟಾ ತೆಗೆದುಕೊಡುತ್ತೇವೆ ಅಂತ ಬೋರ್ಡು ಹಾಕಿದ್ದ ಒಂದು ಅಂಗಡಿಯವರು ಡಬ್ಬಿಯನ್ನು ಕಿವಿಗೆ ಹಿಡಿದು ನೋಡಿ 18 ಸಾವಿರ ರೂಪಾಯಿ ಅಂದರು. ಗ್ಯಾರಂಟಿ ಕೇಳಿದರೆ ಕೈ ಅಲ್ಲಾಡಿಸಿದರು. ಪಕ್ಕದ ಸಣ್ಣ ಅಂಗಡಿಯಲ್ಲಿ ಬರೀ ವಾಯರು ಮಾರುವ ಹುಡುಗ. "ಕಾಯ್ ಝಾಲಂ ಕಾಕಾ?" ಅಂದ. ನನ್ನ ಮುಖದಲ್ಲೇ ಬರೆದಿತ್ತೇನೋ. ಹೇಳಿದೆ. ಅವನು ನನ್ನ ಕೈಯಲ್ಲಿದ್ದ ಮಾರುದ್ದದ ತೆಳ್ಳಗಿನ ವಾಯರನ್ನು ನೋಡಿ ನಕ್ಕ. ಒಂದು ಗೇಣುದ್ದದ ದಪ್ಪ ವಾಯರು ಕೊಟ್ಟು, ಹಬ್ಬಿಗೆ ಹಚ್ಚಬೇಡಿ, ನೇರ ಕಂಪ್ಯೂಟರಿಗೇ ಹಚ್ಚಿ ಅಂತ ತನ್ನ ಮರಾಠಿಯಲ್ಲಿ ತಿಳಿಹೇಳಿದ.

ಅವನ ಮಾತಿನಲ್ಲಿ ಲೆಕ್ಕವಿತ್ತು. ಇಂಥ ಡಬ್ಬಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಯುಎಸ್‌ಬಿ ತೂತಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಹಳೆಯ ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿ ಆಂಪಿಯರ್, ಹೊಸ 3.0 ಆದರೆ 900. ಒಳಗಿನ ತಟ್ಟೆ ಒಮ್ಮೆ ತಿರುಗಲು ಶುರುವಾದರೆ ಅಷ್ಟು ಬೇಡ, ಆದರೆ ನಿಂತ ತಟ್ಟೆಯನ್ನು ಎಬ್ಬಿಸುವ ಆ ಗಳಿಗೆಗೆ ಒಂದು ಆಂಪಿಯರಿನ ಹತ್ತಿರ ಬೇಕಾಗುತ್ತದೆ. ಉದ್ದನೆಯ ಸಣ್ಣ ವಾಯರಿನಲ್ಲಿ ದಾರಿಯಲ್ಲೇ ವೋಲ್ಟೇಜು ಸೋರುತ್ತದೆ. ನಾನು ನಾಲ್ಕು ತೂತಿನ ಹಬ್ಬಿಗೆ ಮೌಸು, ಕೀಲಿಮಣೆ, ಮೊಬೈಲು ಎಲ್ಲ ಹಚ್ಚಿ, ಉಳಿದದ್ದಕ್ಕೆ ಇದನ್ನು ಸಿಕ್ಕಿಸಿದ್ದೆ. ಉಪವಾಸವಿದ್ದವನಿಗೆ ಜೋಳದ ಚೀಲ ಎತ್ತು ಅಂದಂತಾಗಿತ್ತು. ಏಳಲು ಹೋಗುತ್ತಿತ್ತು, ಕುಸಿಯುತ್ತಿತ್ತು. ಆ ಟಿಕ್ ಟಿಕ್ ಅದರದು.

ಹೊಸ ವಾಯರು ಹಚ್ಚಿ, ಲ್ಯಾಪ್‌ಟಾಪಿನ ತೂತಿಗೇ ನೇರ ಸಿಕ್ಕಿಸಿದೆ. ತಟ್ಟೆ ಗುಂಯ್ ಅಂತ ತಿರುಗಿತು. ಫೋಲ್ಡರು ಕಂಡವು. 'ಅವ್ವ' ಅನ್ನುವ ಫೋಲ್ಡರು ಕಂಡಿತು. ನಾನು ಗೆದ್ದೆ ಅಂದುಕೊಂಡು ಸುರಗಿ ಹಾಡು ಇದ್ದ ಫೈಲನ್ನು ಎಳೆದು ಹಾಕಿದೆ. ಅರ್ಧಕ್ಕೆ ಬಂದು ನಿಂತಿತು. ದಿನಚರಿಯಲ್ಲಿ ಈಗ ಬೇರೆ ಮಾತು. ಇಂಥ ಸೆಕ್ಟರು ಓದಲಾಗಲಿಲ್ಲ, ಇನ್‌ಪುಟ್ ಔಟ್‌ಪುಟ್ ದೋಷ. ಒಂದು ಕಾಯಿಲೆಯ ಹಿಂದೆ ಇನ್ನೊಂದು ಅಡಗಿತ್ತು.

ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ. 'ಸ್ಮಾರ್ಟ್‌ಸಿಟಿಎಲ್' ಅನ್ನುವ ಉಪಕರಣ ಅದನ್ನು ಓದಿ ಹೇಳುತ್ತದೆ. ಯುಎಸ್‌ಬಿ ಡಬ್ಬಿಯಾದರೆ ಎಷ್ಟೋ ಸಲ 'ಡ್ಯಾಶ್ ಡಿ ಸ್ಯಾಟ್' ಅಂತ ಸೇರಿಸಿ ಕೇಳಬೇಕು. ಕೇಳಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು ಸಾವಿರದ ಮೇಲಿದ್ದವು. ಆ ಸಾಲಿನಲ್ಲಿ ಸೊನ್ನೆ ಇರಬೇಕು. ಎರಡು ವರ್ಷದ ಹಿಂದೆ ದೀಪಾವಳಿಗೆ ಕಪಾಟು ಸ್ವಚ್ಛ ಮಾಡುವಾಗ ಡಬ್ಬಿ ಕೆಳಗೆ ಬಿದ್ದದ್ದು ಆಗ ನೆನಪಾಯಿತು. ಒರೆಸಿ ಮೇಲಿಟ್ಟು ಮರೆತಿದ್ದೆ.

ಆಫೀಸಿನಲ್ಲಿ ಎಲ್ಲರೂ ವೈದ್ಯರಾದರು. ಫ್ರಿಜ್ಜಿನಲ್ಲಿಡು ಅಂದರು ಒಬ್ಬರು. ವಿಂಡೋಸಿಗೆ ಹಚ್ಚಿ ರಿಪೇರಿ ಓಡಿಸು ಅಂದರು ಇನ್ನೊಬ್ಬರು. ಎರಡೂ ತಪ್ಪು. ಫ್ರಿಜ್ಜಿನಿಂದ ತೆಗೆದರೆ ಒಳಗೆ ನೀರಿನ ಪಸೆ ಕಟ್ಟುತ್ತದೆ. ರಿಪೇರಿ ಅನ್ನುವುದು ಡಿಸ್ಕಿನ ಮೇಲೆ ಬರೆಯುವ ಕೆಲಸ. ಸಾಯುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮೊದಲು ಇದ್ದಷ್ಟನ್ನು ಬೇರೆ ಕಡೆ ಪ್ರತಿ ತೆಗೆಯಬೇಕು, ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಅದಕ್ಕೆ ಲಿನಕ್ಸಿನಲ್ಲಿ 'ಡಿಡಿರೆಸ್ಕ್ಯೂ' ಅಂತ ಒಂದಿದೆ. ಅದರ ಜಾಣತನ ನನಗೆ ನಮ್ಮೂರ ಶೇಂಗಾ ಕೀಳುವವರನ್ನು ನೆನಪಿಸಿತು. ಅವರು ಮೊದಲ ಸುತ್ತಿಗೆ ಸುಲಭವಾಗಿ ಬರುವುದನ್ನೆಲ್ಲ ಕಿತ್ತು ರಾಶಿ ಹಾಕುತ್ತಾರೆ. ಗಟ್ಟಿ ನೆಲದಲ್ಲಿ ಸಿಕ್ಕಿಬಿದ್ದುದರ ಜೊತೆ ಗುದ್ದಾಡುತ್ತ ಕೂಡುವುದಿಲ್ಲ. ಆಮೇಲೆ ತಿರುಗಿ ಬಂದು ಒಂದೊಂದನ್ನೇ ಕೆದಕಿ ತೆಗೆಯುತ್ತಾರೆ. ಇದೂ ಹಾಗೆಯೇ. ಚೆನ್ನಾಗಿರುವ ಭಾಗ ಮೊದಲು, ಕೆಟ್ಟದ್ದು ಕಡೆಗೆ, ಅದೂ ಅಂಚಿನಿಂದ ಸ್ವಲ್ಪ ಸ್ವಲ್ಪ. ಎಲ್ಲಿಯವರೆಗೆ ಬಂದೆ ಅಂತ ಒಂದು ನಕ್ಷೆಯ ಫೈಲಿನಲ್ಲಿ ಗುರುತು ಹಾಕುತ್ತ ಹೋಗುತ್ತದೆ.

ಸ್ವಂತ ಅಡಾಪ್ಟರ್ ಇರುವ 1 ಟಿಬಿಯ ಹೊಸ ಡಿಸ್ಕು ತಂದೆ. ಮೊದಲ ರಾತ್ರಿ ಭರದಿಂದ ಸಾಗಿತು. ಎರಡನೇ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಹೊಸ ಡಿಸ್ಕಿಗೆ ಇರಲಿಲ್ಲ. ಕತ್ತಲಲ್ಲಿ ಕೂತು ಅಕ್ಕನಿಗೆ ಏನು ಹೇಳಲಿ ಅಂತ ಮಾತು ಜೋಡಿಸುತ್ತಿದ್ದೆ. ಕರೆಂಟು ಬಂದ ಮೇಲೆ ಅದೇ ಆಜ್ಞೆ ಮತ್ತೆ ಕೊಟ್ಟರೆ, ನಕ್ಷೆ ಓದಿಕೊಂಡು ಬಿಟ್ಟಲ್ಲಿಂದಲೇ ಶುರುಮಾಡಿತು. ಮೂರನೇ ರಾತ್ರಿ ಪೂರ್ತಿ ಕೆಟ್ಟ ಭಾಗದ ಕೆದಕಾಟ. ಮುಂಜಾನೆ ನೋಡಿದರೆ 500 ಜಿಬಿಯಲ್ಲಿ 3 ಎಂಬಿಯಷ್ಟು ಮಾತ್ರ ಬಂದಿರಲಿಲ್ಲ.

3 ಎಂಬಿ ಏನು ಮಹಾ ಅನಿಸಬಹುದು. ಎಲ್ಲಿಯ 3 ಎಂಬಿ ಅನ್ನುವುದು ಪ್ರಶ್ನೆ. ಪ್ರತಿಯನ್ನು ಓದುವುದಕ್ಕೆ ಮಾತ್ರ ತೆರೆದು, ಹನ್ನೊಂದು ಕ್ಯಾಸೆಟ್ಟನ್ನೂ ಮೊದಲಿನಿಂದ ಕೇಳಿದೆ. 2011ರ ಮೇಲೆ ಎಲ್ಲವನ್ನೂ ಪೂರ್ತಿ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಜೋಪಾನ ಮಾಡಿದೆ ಅಂದುಕೊಂಡಿದ್ದೆ. ಜೋಪಾನ ಮಾಡಿದ್ದು ಡಬ್ಬಿಯನ್ನು.

ಎಂಟನೆಯ ಕ್ಯಾಸೆಟ್ಟಿನಲ್ಲಿ ಸುರಗಿ ಹಾಡು. ಅವ್ವ ಸಾಗಿ ಬಂದವಳು ನಡುವೆ ಒಮ್ಮೆಲೇ ಸುಮ್ಮನಾದಳು. ಎಮ್ಮೆಯಿಲ್ಲ, ಕೆಮ್ಮಿಲ್ಲ, ಬರೀ ಶೂನ್ಯ. ಓದಲಾಗದ ಜಾಗ ಪ್ರತಿಯಲ್ಲಿ ಸೊನ್ನೆಯಾಗಿ ಕೂತಿರುತ್ತದೆ, ವೇವ್ ಫೈಲಿನಲ್ಲಿ ಸೊನ್ನೆ ಅಂದರೆ ಮೌನ. ಸೆಕೆಂಡಿಗೆ 1,76,400 ಬೈಟು ಹಿಡಿದರೆ, 700 ಕಿಲೋಬೈಟಿಗೆ ನಾಲ್ಕು ಸೆಕೆಂಡು. ಹಾಡಿನ ಒಂದು ನುಡಿಯ ಕೊನೆಯ ಸಾಲು. ನಾಲ್ಕು ಸೆಕೆಂಡಿನ ಮೇಲೆ ಅವ್ವ ಏನೂ ಆಗಿಲ್ಲವೆಂಬಂತೆ ಮುಂದಿನ ನುಡಿ ಎತ್ತಿಕೊಂಡಳು.

ಅಕ್ಕನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಒಗದಬಿಡು ಅಂದದ್ದನ್ನೂ ಸೇರಿಸಿ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

"ನೀ ಹೇಳಿದಿ ಅಂತ ನಾ ಒಗದೆ" ಅಂದಳು. ಸಿಟ್ಟಿನಿಂದ ಅಲ್ಲ. ಅದೇ ಹೆಚ್ಚು ನೋಯಿಸಿತು. ಆಮೇಲೆ, "ಆ ಸಾಲು ನನಗ ಬರತೈತಿ, ಕೇಳಿಲ್ಲೆ" ಅಂತ ಫೋನಿನಲ್ಲೇ ಹಾಡಿದಳು.

ನನ್ನ ನೆನಪಿನಲ್ಲಿದ್ದ ಸಾಲು ಅದಲ್ಲ. ನನ್ನ ಸಾಲಿನಲ್ಲಿ ಸೋದರಮಾವ ಬರುತ್ತಿದ್ದ, ಅವಳದರಲ್ಲಿ ಹಡೆದವ್ವ. ಇಬ್ಬರೂ ಪಟ್ಟು ಬಿಡಲಿಲ್ಲ. ಸಣ್ಣವರಿದ್ದಾಗ ಜಗಳಾಡಿದಂತೆ ಜಗಳಾಡಿದೆವು. ಯಾವುದು ಖರೆ ಅಂತ ಹೇಳಬೇಕಾದವಳು ಆ ನಾಲ್ಕು ಸೆಕೆಂಡಿನೊಳಗೆ ಇದ್ದಳು.

ಮದುವೆಯ ದಿನ ಹಾಡು ಹಚ್ಚಿದೆವು. ಆ ಜಾಗ ಬಂದಾಗ ಅವ್ವ ಸುಮ್ಮನಾದಳು, ಅಕ್ಕ ತನ್ನ ಸಾಲು ಹಾಡಿದಳು, ಸುತ್ತ ನಿಂತ ಹೆಂಗಸರು ದನಿಗೂಡಿಸಿದರು. ಸೋದರಮಾವನಾದ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಈಗ ಆ ಫೈಲುಗಳು ಮೂರು ಕಡೆ ಇವೆ. ಒಂದು ಪುಣೆಯಲ್ಲಿ, ಒಂದು ಧಾರವಾಡದಲ್ಲಿ ಅಕ್ಕನ ಹತ್ತಿರ, ಒಂದು ಸೊಸೆಯ ಹತ್ತಿರ ಅವಳ ಗಂಡನ ಮನೆಯಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿಯ ಹಿಂದಿನ ಭಾನುವಾರ, ಮೂವರೂ ತೆರೆದು ಕೇಳಬೇಕೆಂದು ಮಾತಾಗಿದೆ. ಡಬ್ಬಿ ತೆರೆಯುತ್ತದೆಯೋ ಇಲ್ಲವೋ ಅಂತ ನೋಡುವುದಕ್ಕೂ ಆಯಿತು. ಮೊನ್ನೆ ಕೇಳುವಾಗ ಆ ಮೌನದ ಜಾಗದಲ್ಲಿ ನನ್ನ ಬಾಯಿಂದ ಬಂದದ್ದು ಅಕ್ಕನ ಸಾಲು. ನನ್ನದು ಏನಿತ್ತು ಅಂತ ನೆನಪಿಸಿಕೊಳ್ಳಲು ತುಸು ಹೊತ್ತು ಬೇಕಾಯಿತು. ಕೂಡಲೇ ಒಂದು ಹಾಳೆಯಲ್ಲಿ ಬರೆದಿಟ್ಟೆ.