ಆಯಿಗೆ ಎಷ್ಟು ವರ್ಷ?

“ಆಯಿ, ನಿನಗ ಎಷ್ಟು ವರ್ಷ?” ಅಂತ ಕೇಳಿದರೆ ನಮ್ಮಾಯಿ ಸಂಖ್ಯೆ ಹೇಳೋದಿಲ್ಲ. “ದೊಡ್ಡ ಬರ ಬಿದ್ದಾಗ ನನಗ ಎರಡು ಮಕ್ಕಳು. ಲೆಕ್ಕ ನೀನ ಹಾಕು” ಅಂತಾಳೆ. ಆಕೆ ಹೇಳೋದು 1972ರ ಬರ.

ಆಯಿಯ ತವರು ಕಿತ್ತೂರ ಕಡೆ. ಅಲ್ಲಿ ಮಳೆ ಚಲೋ, ಭತ್ತ ಬೆಳೀತಾರೆ. ಕೊಟ್ಟಿದ್ದು ರಾಮದುರ್ಗದ ಕಡೆ. ಇಲ್ಲಿ ಮುಗಿಲು ನೋಡಿಕೊಂಡೇ ಬಿತ್ತಬೇಕು. ಅದಕ್ಕೇ ಆಕೆಗೆ ಪ್ರತಿ ವರ್ಷವೂ ಒಂದು ಮಳೆಯ ನೆನಪು. 2019 ಅಂದರೆ ಆಕೆಗೆ ತಿಳಿಯೋದಿಲ್ಲ. ಮಲಪ್ರಭಾ ಉಕ್ಕಿದ “ಹೊಳಿ ಬಂದ ವರ್ಷ” ಅಂದರೆ ತಿಳೀತದೆ.

ವಿಚಾರ ಮಾಡಿದರೆ ಆಯಿಯ ಲೆಕ್ಕವೇ ಹಳೆಯದು. ಸಂಸ್ಕೃತದಿಂದ ಬಂದ ‘ವರ್ಷ’ ಅನ್ನೋ ಶಬ್ದದ ಮೂಲ ಅರ್ಥವೇ ಮಳೆ. ವರ್ಷಋತು, ವರ್ಷಧಾರೆ ಅನ್ನುವಾಗ ಆ ಅರ್ಥ ಇನ್ನೂ ಉಳಿದಿದೆ. ಒಂದು ಮಳೆಗಾಲದಿಂದ ಮತ್ತೊಂದು ಮಳೆಗಾಲದವರೆಗಿನ ಕಾಲಕ್ಕೂ ಅದೇ ಹೆಸರಾಯಿತು. ‘ಶತಾಬ್ದಿ’ಯೊಳಗಿನ ‘ಅಬ್ದ’ವೂ ಹಾಗೇ: ‘ಅಪ್’ ಅಂದರೆ ನೀರು, ‘ದ’ ಅಂದರೆ ಕೊಡುವಂಥದ್ದು. ನೀರು ಕೊಡುವ ಮೋಡಕ್ಕೂ ಅಬ್ದ, ವರ್ಷಕ್ಕೂ ಅಬ್ದ.

ಆದರೆ ಕಚೇರಿಯಲ್ಲಿ ಮಳೆಯ ಲೆಕ್ಕ ನಡೆಯೋದಿಲ್ಲ. ಹೊಳೆ ಬಂದ ವರ್ಷವೇ ಸಂಧ್ಯಾ ಸುರಕ್ಷಾ ಪಗಾರಕ್ಕೆ ಅರ್ಜಿ ಹಾಕಲು ಹೋದೆವು. 65 ತುಂಬಿರಬೇಕು. ಆಯಿಯ ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನಲ್ಲಿ ಬರೆಸಿದ್ದು 1958. “ಇನ್ನೂ 61 ರೀ” ಅಂದರು. 1958 ಖರೆ ಆದರೆ, 1972ರಲ್ಲಿ ಎರಡು ಮಕ್ಕಳ ತಾಯಿಗೆ 14 ವರ್ಷ! ಆದರೆ ಆಯಿ ಸಾಲಿ ಕಲಿತಿಲ್ಲ, ನಮ್ಮ ಹತ್ತಿರ ಬೇರೆ ಕಾಗದವೂ ಇರಲಿಲ್ಲ. ಸುಮ್ಮನೆ ತಿರುಗಿ ಬಂದೆವು. ನಾಲ್ಕು ವರ್ಷ ಕಾದೆವು.

ನಿಮ್ಮ ಮನೆಯ ಹಿರಿಯರ ಕಾರ್ಡನ್ನೂ ಇವತ್ತೇ ತೆಗೆದು ನೋಡಿರಿ. ಹುಟ್ಟಿದ ವರ್ಷ ಅಂದಾಜಿನದೇ ಅಂತ ಅವರನ್ನೇ ಕೇಳಿರಿ. ಯಾವ ಬರದಲ್ಲಿ ಲಗ್ನ, ಯಾವ ಮಳೆಯಲ್ಲಿ ಮೊದಲ ಮಗು ಅಂತ ಬರೆದಿಟ್ಟುಕೊಳ್ಳಿರಿ. ತಪ್ಪಿದ್ದರೆ, ಅರ್ಜಿಯ ಹೊತ್ತು ಬರುವ ಮೊದಲೇ ತಿದ್ದಿಸಲು ಓಡಾಡಿರಿ.

2023ರಲ್ಲಿ ಆಯಿಗೆ ಪಗಾರ ಸುರುವಾಯಿತು. ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಹೊಲ ಒಣಗಿತು. ಮೊದಲ ಪಗಾರ ಕೈಗೆ ಕೊಟ್ಟಾಗ ಆಯಿ ಸೆರಗಿಗೆ ಗಂಟು ಹಾಕಿಕೊಂಡು ಮುಗಿಲು ನೋಡಿದಳು.

“ಮಳಿನ ಇಲ್ಲ. ಈ ವರ್ಷ ನನ್ನ ವಯಸ್ಸಿನ್ಯಾಗ ಹಿಡೀಬ್ಯಾಡ” ಅಂದಳು.